ಬೊನಾಂಜಾದ ಒಂಬತ್ತು ದಿನ

ಈಗೀಗ ಯಾರ ಬಾಯಲ್ಲಿ ನೋಡಿದರೂ ಈ ಮಾತೇ. ಕ್ಷೌರದಂಗಡಿಗೆ ಶನಿವಾರ ನಾಲ್ಕು ಗಿರಾಕಿ ಹೆಚ್ಚಿಗೆ ಬಂದರೆ ಬೊನಾಂಜಾ. ನಾಟಕದ ಮನೆ ತುಂಬಿದರೆ ಬೊನಾಂಜಾ. ಎದುರುಮನೆಯ ಐರಿಷ್ ಹೆಂಗಸಿಗೆ ಅವಳಿ ಗಂಡುಮಕ್ಕಳಾದಾಗ ಅವಳ ಗಂಡ ಬೀದಿಯಲ್ಲಿ ಟೋಪಿ ಎಸೆದು ಕೂಗಿದ್ದೂ ಅದನ್ನೇ. ಹೋದ ವರ್ಷ ಅಮೆರಿಕದ ಪೂರ್ವದ ಕಡೆಯಿಂದ ಪತ್ರಿಕೆಯವನೊಬ್ಬ ನನ್ನನ್ನು ಹುಡುಕಿಕೊಂಡು ಬಂದಿದ್ದ. "ನೀವು ಹಳಬರಂತೆ. ಈ ಪದ ಎಲ್ಲಿಂದ ಬಂತು, ಏನರ್ಥ, ಸ್ವಲ್ಪ ಹೇಳಿ" ಅಂದ. ಮೆಕ್ಸಿಕೋದವರು ತಂದದ್ದು, ಅವರಲ್ಲಿ ಅದು ಸಮುದ್ರದ ಮಾತು, ಒಳ್ಳೆಯ ಅದಿರು ಸಿಕ್ಕಿತು ಅನ್ನುವುದಕ್ಕೆ ನಾವು ಗಣಿಯವರು ಹಿಡಿದುಕೊಂಡೆವು ಅಂತ ಹೇಳಿದೆ. ಬರೆದುಕೊಂಡು ಕೈಕುಲುಕಿ ಹೋದ. ಆ ಅರ್ಥ ನನಗೆ ಯಾರು ಹೇಳಿದರು, ಆಗ ನಾನು ಎಲ್ಲಿದ್ದೆ ಅಂತ ಅವನು ಕೇಳಲಿಲ್ಲ. ಕೇಳಿದ್ದರೂ ಅವತ್ತು ಹೇಳುತ್ತಿದ್ದೆನೋ ಇಲ್ಲವೋ. ಇವತ್ತು ಹೇಳಿಬಿಡುತ್ತೇನೆ.

ನನ್ನ ಹೆಸರು ಡಿಗರಿ ಉರೆನ್. ಇಂಗ್ಲೆಂಡಿನ ಕಾರ್ನ್‌ವಾಲಿನವನು. ಅಪ್ಪ, ಅಜ್ಜ ಎಲ್ಲರೂ ತವರದ ಗಣಿಯಲ್ಲಿ ಸವೆದವರು. ಅಲ್ಲಿ ತವರದ ಬೆಲೆ ಬಿದ್ದುಹೋದ ಮೇಲೆ ನಮ್ಮ ಕಡೆಯ ಜನ ಭೂಮಿಯಲ್ಲಿ ಎಲ್ಲಿ ತೂತು ತೋಡುತ್ತಾರೋ ಅಲ್ಲಿಗೆಲ್ಲ ಹೊರಟರು. ನಾನು ನೆವಾಡಾದ ವರ್ಜೀನಿಯಾ ಸಿಟಿಗೆ ಬಂದೆ. ಸಾವಿರದ ಎಂಟುನೂರ ಎಪ್ಪತ್ತೆರಡನೇ ಇಸವಿಯ ಮಾರ್ಚ್ ತಿಂಗಳಲ್ಲಿ ಲ್ಯಾಂಟರ್ನ್ ಅನ್ನುವ ಬೆಳ್ಳಿಯ ಗಣಿಯಲ್ಲಿ, ಸಾವಿರದ ಮುನ್ನೂರು ಅಡಿ ಕೆಳಗೆ ಕೆಲಸ ಮಾಡುತ್ತಿದ್ದೆ.

ನನ್ನ ಜೊತೆಗಾರ ಜೇಬೆಜ್ ಟ್ರೆಂಬತ್. ಬಂಡೆಗೆ ತೂತು ಕೊರೆಯುವುದು ಇಬ್ಬರ ಕೆಲಸ. ನಾನು ಉಕ್ಕಿನ ಸಲಾಕೆ ಹಿಡಿದುಕೊಳ್ಳಬೇಕು, ಅವನು ಎರಡು ಕೈಯಲ್ಲಿ ಸುತ್ತಿಗೆ ಎತ್ತಿ ಅದರ ತಲೆಗೆ ಹೊಡೆಯಬೇಕು. ಪ್ರತಿ ಪೆಟ್ಟಿಗೂ ನಾನು ಸಲಾಕೆಯನ್ನು ಸ್ವಲ್ಪ ತಿರುಗಿಸಬೇಕು. ಮೇಣದಬತ್ತಿಯ ಬೆಳಕು, ಮೈಮೇಲೆ ಬಟ್ಟೆ ನಿಲ್ಲದಷ್ಟು ಸೆಕೆ. ಸುತ್ತಿಗೆ ಎರಡು ಬೆರಳಿನಷ್ಟು ಅತ್ತಿತ್ತ ಆದರೆ ನನ್ನ ಮಣಿಕಟ್ಟು ಪುಡಿ. ಮೂರು ವರ್ಷದಲ್ಲಿ ಜೇಬೆಜ್ ಒಂದು ಸಲವೂ ತಪ್ಪಿರಲಿಲ್ಲ. ನಾನು ಊಟಕ್ಕಿದ್ದುದೂ ಅವನ ಮನೆಯಲ್ಲೇ. ಅವನ ಹೆಂಡತಿ ಲವ್‌ಡೇ ನನಗೆ ಅತ್ತಿಗೆಯಾಗಿದ್ದಳು. ಬೆಳಿಗ್ಗೆ ಇಬ್ಬರ ಡಬ್ಬಿಗೂ ಮಾಂಸ, ಆಲೂಗಡ್ಡೆ ತುಂಬಿದ ದೊಡ್ಡ ಕಡುಬು ಇಟ್ಟು ಕಳಿಸುತ್ತಿದ್ದಳು. ನನ್ನ ಕಡುಬಿನ ಮೂಲೆಯಲ್ಲಿ ಹಿಟ್ಟಿನಿಂದಲೇ 'ಡಿ' ಅಂತ ಒಂದು ಅಕ್ಷರ ಇರುತ್ತಿತ್ತು.

ಹಿಂದಿನ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗಳು ತೀರಿಕೊಂಡಿದ್ದಳು. ಊರ ಮೇಲಿನ ಗುಡ್ಡದಲ್ಲಿ ಮಣ್ಣು ಮಾಡಿದೆವು. ಆ ಗಾಳಿಗೆ ಗೋರಿಯ ಮೇಲೆ ಇಟ್ಟದ್ದು ಯಾವುದೂ ನಿಲ್ಲುತ್ತಿರಲಿಲ್ಲ. ಲವ್‌ಡೇ ಅತ್ತಿಗೆ ಅಂದಿನಿಂದ ಒಂದೇ ಮಾತು ಹಿಡಿದಳು: "ಇನ್ನೊಂದು ಬೇಸಿಗೆ ನಾನಿಲ್ಲಿ ಕಾಣಲ್ಲ. ನೀವು ಬಂದ್ರೂ ಸರಿ, ಬರದಿದ್ರೂ ಸರಿ." ಕೊನೆಗೆ ಜೇಬೆಜ್ ಒಪ್ಪಿದ. ಶನಿವಾರ ಬೆಳಿಗ್ಗೆ ಒಂಬತ್ತರ ರೈಲಿಗೆ ಹೊರಡುವುದು, ಕ್ಯಾಲಿಫೋರ್ನಿಯಾದಲ್ಲಿ ಅವಳ ಅಣ್ಣನ ಹತ್ತಿರ ಹೋಗಿ ನೆಲೆಸುವುದು ಅಂತಾಯಿತು. ಟಿಕೆಟ್ಟೂ ಬಂತು. ಶುಕ್ರವಾರ ಅವನ ಕೊನೆಯ ಪಾಳಿ.

ಬುಧವಾರ ಬೆಳಿಗ್ಗೆ ನಾವು ಮದ್ದು ಸಿಡಿಸಿ, ಹೊಗೆ ಇಳಿದ ಮೇಲೆ ಒಳಗೆ ಹೋದೆವು. ಬಿಳಿ ಬಂಡೆ ಇರಬೇಕಾದ ಕಡೆ ಗೋಡೆ ಕಪ್ಪಗಿತ್ತು. ಮುಟ್ಟಿದರೆ ಬೆಲ್ಲದ ಅಚ್ಚಿನ ಹಾಗೆ ಉದುರುತ್ತಿತ್ತು. ನಾನು ಬತ್ತಿ ಹತ್ತಿರ ಹಿಡಿದೆ, ಕಪ್ಪಿನೊಳಗೆ ನೀಲಿ ಮಿಂಚು.

ಸೂರು ಕುಸಿಯದಂತೆ ಮರದ ಚೌಕಟ್ಟು ನಿಲ್ಲಿಸುವ ಯುಸೇಬಿಯೋ ನಮ್ಮ ಹಿಂದೆ ಇದ್ದ. ಅವನು ಮೆಕ್ಸಿಕೋದ ಗ್ವಾಯ್ಮಸ್ ಬಂದರಿನ ಕಡೆಯವನು, ಐವತ್ತು ದಾಟಿದವನು, ಬೆಳ್ಳಿಯನ್ನು ಮೂಗಿನಲ್ಲೇ ಕಂಡುಹಿಡಿಯುತ್ತಾನೆ ಅನ್ನುತ್ತಿದ್ದರು. ಒಂದು ಚೂರು ತೆಗೆದು ನೆಕ್ಕಿದ. ಟೋಪಿ ತೆಗೆದ.

"ಬೊನಾಂಜಾ" ಅಂದ. ಕೂಗಲಿಲ್ಲ, ದೇವರ ಹೆಸರು ಹೇಳುವ ಹಾಗೆ ಮೆಲ್ಲಗೆ ಅಂದ.

ಕೂಗಿದ್ದು ನಾವು. ಒಂಬತ್ತು ಜನ ಇದ್ದೆವು, ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು.

ಒಂದು ತಾಸಿನೊಳಗೆ ಮ್ಯಾನೇಜರ್ ಸ್ಟಾಡರ್ಡ್ ತಾವೇ ಇಳಿದು ಬಂದರು. ಗೋಡೆ ನೋಡಿದರು, ಜೇಬಿನ ಗಡಿಯಾರ ನೋಡಿದರು, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಶಭಾಷ್ ಕಣ್ರಯ್ಯಾ. ನಿಮಗೆಲ್ಲ ಮೂರು ಪಟ್ಟು ಕೂಲಿ. ಊಟ, ವಿಸ್ಕಿ, ಹಾಸಿಗೆ ಎಲ್ಲ ಇಲ್ಲಿಗೇ ಬರುತ್ತೆ. ನಾನು ಹೇಳೋವರೆಗೆ ಯಾರೂ ಮೇಲೆ ಬರೋ ಹಾಗಿಲ್ಲ."

"ಎಲ್ಲಿವರೆಗೆ ಸಾಹೇಬ್ರೇ?" ಅಂತ ಜೇಬೆಜ್ ಕೇಳಿದ.

"ನಮ್ಮ ಧಣಿಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಷೇರು ಕೊಂಡು ಮುಗಿಸೋವರೆಗೆ. ನೀವು ಮೇಲೆ ಹೋಗಿ ಬಾಯಿಬಿಟ್ರೆ ಬೆಲೆ ಏರಿಹೋಗುತ್ತೆ."

"ನಾನು ಶನಿವಾರ ಊರು ಬಿಡೋನು. ಟಿಕೆಟ್ ತಗೊಂಡಾಗಿದೆ."

"ರೈಲು ದಿನಾ ಇರುತ್ತಪ್ಪ" ಅಂತ ಸ್ಟಾಡರ್ಡ್ ಅವನ ಭುಜ ತಟ್ಟಿದರು. ಆಳುಗಳನ್ನು ಇಳಿಸಿ ಏರಿಸುವ ಕಬ್ಬಿಣದ ಕೇಜಿನ ಬಾಯಿಯಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡ ಇಬ್ಬರನ್ನು ಕೂರಿಸಿ ಹೋದರು.

ಮೊದಲ ದಿನ ಹಬ್ಬವೇ. ಹುರಿದ ದನದ ತೊಡೆ ಬಂತು, ಡಬ್ಬಿ ತುಂಬ ಸಿಂಪಿಮಾಂಸ ಬಂತು, ಚುಟ್ಟಾ ಬಂತು. ಸೆಕೆಗೆ ಮಂಜುಗಡ್ಡೆಯ ದೊಡ್ಡ ತುಂಡುಗಳು ಬಂದವು. ನಮ್ಮವರು ಹಾಡಿದರು. ಆದರೆ ಎರಡನೆಯ ದಿನ ಹಾಡು ತಾನಾಗಿ ನಿಂತಿತು. ಗಣಿಯ ಆಳಿಗೆ ಕತ್ತಲು ಹೊಸದಲ್ಲ. ಪಾಳಿ ಮುಗಿದ ಮೇಲೆ ಕೇಜು ಹತ್ತುತ್ತೇನೆ ಅನ್ನುವ ಒಂದು ನೆಚ್ಚಿಗೆಯ ಮೇಲೆ ಅವನು ಕೆಳಗಿರುತ್ತಾನೆ. ಅದು ತಪ್ಪಿದಾಗ ಅದೇ ಸುರಂಗ ಬೇರೆಯಾಗಿಬಿಡುತ್ತದೆ. ತಲೆಯ ಮೇಲಿನ ಸಾವಿರದ ಮುನ್ನೂರು ಅಡಿಯ ಒಂದೊಂದು ಅಡಿಯೂ ಕಿವಿಗೆ ಕೇಳಿಸತೊಡಗಿತು. ಮರದ ಕಂಬಗಳು ಕಿರುಗುಟ್ಟಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಒಬ್ಬ ಸುಮ್ಮಸುಮ್ಮನೆ ಎದ್ದು ಕೇಜಿನವರೆಗೆ ನಡೆದು ಹೋಗಿ, ಕಾವಲಿನವರನ್ನು ನೋಡಿ, ತಿರುಗಿ ಬರುತ್ತಿದ್ದ. ಇನ್ನೊಬ್ಬ ಮೂಲೆಯಲ್ಲಿ ಕೂತು ಗಾಳಿ ಸಾಲದೆಂದು ಬಾಯಿ ತೆರೆದುಕೊಂಡೇ ಇರುತ್ತಿದ್ದ. ಗಾಳಿ ಸಾಕಷ್ಟಿತ್ತು.

ಆ ಗುರುವಾರ ಯುಸೇಬಿಯೋ ನಮ್ಮ ಪಕ್ಕ ಕೂತು ಚುಟ್ಟಾ ಹಚ್ಚಿದಾಗ ನಾನು ಕೇಳಿದೆ: "ಅಲ್ಲ ಮಾರಾಯ, ಆ ಬೊನಾಂಜಾ ಅಂದ್ರೆ ಏನು? ಬೆಳ್ಳಿ ಅಂತ್ಲಾ?"

"ಬೆಳ್ಳಿ ಎಲ್ಲಿಂದ ಬಂತು! ನಮ್ಮಪ್ಪ ಮೀನುಗಾರ. ಸಮುದ್ರ ಶಾಂತವಾಗಿ ಮಲಗಿದ್ರೆ, ಅಲೆ ಇಲ್ಲ, ಬಿಸಿಲು ಹದವಾಗಿದೆ, ಆಗ ಬೊನಾಂಜಾ ಅಂತಿದ್ದ. ಬಿರುಗಾಳಿ ಎದ್ರೆ ಬೊರಾಸ್ಕಾ. ಗಣಿಗೆ ಬಂದ ಮೇಲೆ ಅದೇ ಮಾತು. ಬರೀ ಕಲ್ಲು ಬಂದ್ರೆ ಬೊರಾಸ್ಕಾ, ಅದಿರು ಬಂದ್ರೆ ಬೊನಾಂಜಾ. ನಿಮ್ಮೋರು ಬೊನಾಂಜಾ ಒಂದನ್ನೇ ಎತ್ಕೊಂಡ್ರು, ಬೊರಾಸ್ಕಾನ ನಮಗೇ ಬಿಟ್ರು."

ಜೇಬೆಜ್ ನಕ್ಕ. ಅವನಪ್ಪನೂ ಕಾರ್ನ್‌ವಾಲಿನ ನ್ಯೂಲಿನ್ ಬಂದರಿನ ಮೀನುಗಾರ. "ನಮ್ಮ ಕಡೆ ಗಾಳಿ ಸತ್ರೆ ಯಾರೂ ಹಾಡಿ ಹೊಗಳ್ತಿರಲಿಲ್ಲ. ಹಾಯಿ ಜೋತುಬೀಳೋದು, ದೋಣಿ ಅಲ್ಲೇ. ನಾನು ಹತ್ತು ವರ್ಷದವನಿದ್ದಾಗ ಎರಡು ದಿನ ಹಾಗೇ ಕೂತಿದ್ವಿ. ಚರ್ಚಿನ ಗೋಪುರ ಕಾಣ್ತಿತ್ತು, ನಮ್ಮವ್ವ ಕಟ್ಟೆ ಮೇಲೆ ನಿಂತಿದ್ದೂ ಕಾಣ್ತಿತ್ತು. ಕೂಗಿದ್ರೆ ಕೇಳ್ತಿರಲಿಲ್ಲ."

"ಮುಳುಗಲಿಲ್ವಲ್ಲ" ಅಂದ ಯುಸೇಬಿಯೋ.

"ಮುಳುಗಲಿಲ್ಲ" ಅಂತ ಜೇಬೆಜ್ ಒಪ್ಪಿಕೊಂಡ. ನನ್ನ ಕಡೆ ತಿರುಗಿ, "ಡಿಗ್, ಕಾಗದ ಬರಿ ಕಣೋ. ಅವಳಿಗೆ" ಅಂದ.

ನಮ್ಮ ಒಂಬತ್ತು ಜನರಲ್ಲಿ ಓದು ಬರಹ ಚೆನ್ನಾಗಿ ಬರುತ್ತಿದ್ದದ್ದು ನನಗೊಬ್ಬನಿಗೆ. ಜೇಬೆಜ್ ಹೇಳಿದ್ದನ್ನು ಬರೆದೆ: 'ಲವ್‌ಡೇ, ನನ್ನನ್ನ ಕೆಳಗೆ ಕೂಡಿಹಾಕಿದಾರೆ. ಬಿಡ್ತಿಲ್ಲ. ಮಾತು ತಪ್ಪಿದೋನಲ್ಲ ನಾನು. ಕಾಯ್ತಿರು.' ಉಳಿದವರದೂ ಹೀಗೇ ಒಂದೊಂದು ಬರೆದು, ಮಧ್ಯಾಹ್ನ ಸ್ಟಾಡರ್ಡ್ ಬಂದಾಗ ಕೊಟ್ಟೆ. ಅವರು ನನ್ನನ್ನು ಕೇಜಿನ ಪಕ್ಕಕ್ಕೆ ಕರೆದುಕೊಂಡು ಹೋದರು. ಎಲ್ಲ ಓದಿ, ಮಡಿಸಿ, ನಿಧಾನವಾಗಿ ಹರಿದರು.

"ಕೂಡಿಹಾಕಿದಾರೆ ಅನ್ನೋ ಮಾತು ಮೇಲೆ ಹೋದ್ರೆ ಊರಿಗೆಲ್ಲ ಅರ್ಥ ಆಗುತ್ತೆ. ನಾನು ಹೇಳಿದ ಹಾಗೆ ಬರಿ. ಎಲ್ಲರೂ ಕ್ಷೇಮ, ನಮ್ಮಿಷ್ಟದ ಮೇಲೆ ಹೆಚ್ಚಿನ ಕೂಲಿಗೆ ನಿಂತಿದೀವಿ, ಹುಡುಕಿಕೊಂಡು ಬರಬೇಡಿ. ಇಷ್ಟೇ."

"ಟ್ರೆಂಬತ್ ಹೆಂಡ್ತಿ ಹೊರಟುಬಿಡ್ತಾಳೆ ಸರ್."

"ಕಾಗದವೇ ಹೋಗದಿದ್ರೆ ಸತ್ತ ಅಂದ್ಕೋತಾಳೆ. ಯಾವುದು ಮೇಲು?" ಅಂದರು. ಆಮೇಲೆ ದನಿ ಇಳಿಸಿ, "ಓದು ಬಲ್ಲ ಆಳು ಕೈಯಲ್ಲಿದ್ರೆ ನನಗೂ ಅನುಕೂಲ. ನಿನ್ನ ಹೆಸರಲ್ಲಿ ಹತ್ತು ಷೇರು ಬರೆಸ್ತೀನಿ, ಇವತ್ತಿನ ಬೆಲೆಗೆ" ಅಂದರು.

ಬರೆದೆ. ಹೆದರಿದ್ದೆ ಅನ್ನುವುದು ನಿಜ. ಷೇರಿನ ಆಸೆಯೂ ನಿಜ. ಅದರ ಕೆಳಗೆ ಇನ್ನೊಂದಿತ್ತು. ಅವರು ಹೊರಟುಹೋದರೆ ನನ್ನ ಬೆಳಗಿನ ಕಡುಬು, ಒಲೆಯ ಪಕ್ಕದ ಕುರ್ಚಿ, ನನ್ನ ಸಲಾಕೆಯ ಮೇಲೆ ತಪ್ಪದೆ ಬೀಳುವ ಸುತ್ತಿಗೆ ಎಲ್ಲ ಹೋಗುತ್ತಿತ್ತು. ರೈಲು ತಪ್ಪಿದರೆ ತಪ್ಪಲಿ ಅನ್ನಿಸಿದ್ದುಂಟು. ಅತ್ತಿಗೆ ಒಬ್ಬಳೇ ಹತ್ತುತ್ತಾಳೆ ಅನ್ನುವುದನ್ನು ನಾನು ಪೂರ್ತಿಯಾಗಿ ಯೋಚಿಸಲಿಲ್ಲ.

ಹಿಂದಿರುಗಿ ಬಂದಾಗ ಜೇಬೆಜ್ ಕೇಳಿದ: "ಹೇಗಿದೆ, ಒಂದ್ಸಲ ಓದು ನೋಡೋಣ."

ಮೊದಲು ಗೀಚಿಕೊಂಡಿದ್ದ ಕರಡಿನ ಹಾಳೆ ನನ್ನ ಕೈಯಲ್ಲಿ ಉಳಿದಿತ್ತು. ಅದರಲ್ಲಿದ್ದದ್ದು ಸ್ಟಾಡರ್ಡ್ ಮಾತು. ನಾನು ಅದರ ಮೇಲೆ ಬೆರಳಿಟ್ಟುಕೊಂಡು ಜೇಬೆಜ್‌ನ ಮಾತುಗಳನ್ನೇ ಓದಿದೆ: "ಮಾತು ತಪ್ಪಿದೋನಲ್ಲ ನಾನು. ಕಾಯ್ತಿರು."

"ಸರಿಯಾಗಿದೆ" ಅಂತ ಅವನು ಹಾಸಿಗೆಗೆ ಒರಗಿ ಕಣ್ಣು ಮುಚ್ಚಿದ.

ಅಲ್ಲಿಂದ ಮುಂದೆ ನನಗೆ ಸುರಂಗ ಇನ್ನೂ ಕಿರಿದಾಯಿತು. ಹೊರಗಿದ್ದಿದ್ದರೆ ಅವನ ಕಣ್ಣಿಗೆ ಬೀಳದ ಹಾಗೆ ಎಲ್ಲಿಗಾದರೂ ಹೋಗಬಹುದಿತ್ತು. ಇಲ್ಲಿ ಒಂದೇ ಬಕೆಟ್ಟಿನ ನೀರು ಕುಡಿಯಬೇಕು, ಪಕ್ಕಪಕ್ಕದಲ್ಲಿ ಮಲಗಬೇಕು. ಅದಿರಿನ ಅಗಲ ತಿಳಿಯಬೇಕೆಂದು ಸ್ಟಾಡರ್ಡ್ ಕೊರೆತ ನಿಲ್ಲಿಸಲು ಬಿಟ್ಟಿರಲಿಲ್ಲ. ಹಾಗಾಗಿ ಶುಕ್ರವಾರವೂ ನಾನು ಸಲಾಕೆ ಹಿಡಿದು ಕೂತೆ, ಅವನು ಸುತ್ತಿಗೆ ಎತ್ತಿದ.

ಅವನು ಗೆಲುವಾಗಿದ್ದ. ಪೆಟ್ಟಿನ ನಡುವೆ ಮಾತಾಡುತ್ತಿದ್ದ. "ನಾಳೆ ರೈಲು ಹೋಗುತ್ತೆ, ಹೋಗ್ಲಿ. ಅವಳು ಹತ್ತಲ್ಲ. ಸಿಟ್ಟು ಜಾಸ್ತಿ ಅವಳಿಗೆ, ಆದ್ರೆ ಒಂದು ಮಾತು ಹೇಳಿ ಕಳಿಸಿದ್ರೆ ನಿಲ್ತಾಳೆ. ಮಗು ಹೋದಾಗಿಂದ ಅವಳು ಕೇಳ್ತಿರೋದು ಅದೊಂದೇ ಡಿಗ್, ಒಂದು ಮಾತು. ನನಗೇ ಬಾಯಿ ಬರ್ತಿರಲಿಲ್ಲ."

ಸುತ್ತಿಗೆ ಮೇಲೆ ಹೋಗಿತ್ತು.

"ಅಣ್ಣಾ, ನಿಲ್ಸು" ಅಂದೆ. "ನಾನು ಆ ಮಾತು ಬರೀಲಿಲ್ಲ."

ಎಲ್ಲವನ್ನೂ ಹೇಳಿದೆ. ಎತ್ತಿದ ಸುತ್ತಿಗೆಯನ್ನು ಅವನು ಅಷ್ಟು ಹೊತ್ತೂ ಹಾಗೇ ಹಿಡಿದಿದ್ದ. ಸಲಾಕೆ ಬಿಟ್ಟು ಕೈ ಹಿಂದಕ್ಕೆ ತೆಗೆಯಲು ನನಗೆ ಧೈರ್ಯವಾಗಲಿಲ್ಲ. ಅವನು ಹೊಡೆಯಲಿಲ್ಲ. ಮೆಲ್ಲಗೆ ಇಳಿಸಿ ನೆಲಕ್ಕೆ ಇಟ್ಟ.

"ನೀನು ಓದಿ ಹೇಳಿದೆಯಲ್ಲೋ" ಅಂದ.

"ಹೌದು."

"ಬೆರಳಿಟ್ಟು ಓದಿದೆ."

ಅವನು ಎದ್ದು ಕೇಜಿನ ಕಡೆ ಓಡಿದ. ಕಾವಲಿನವರ ಜೊತೆ ಕೂಗಾಡಿದ್ದು ಕೇಳಿಸಿತು, ಕೈಮುಗಿದು ಬೇಡಿದ್ದೂ ಕೇಳಿಸಿತು. ಹತ್ತು ನಿಮಿಷದ ಮೇಲೆ ತುಟಿಯಲ್ಲಿ ರಕ್ತ ಸುರಿಸಿಕೊಂಡು ಬಂದು ಗೋಡೆಗೆ ಮುಖ ಮಾಡಿ ಕೂತ.

ಆಗ ನನಗೆ ಒಂದು ಹೊಳೆಯಿತು. ಯಾವ ಗಣಿಯಲ್ಲೂ ಆಳಿಗೆ ಗಾಯವಾದರೆ ಗಂಟೆ ಬಾರಿಸುತ್ತಾರೆ, ಕೇಜು ತಕ್ಷಣ ಬರುತ್ತದೆ, ಗಾಯಾಳುವಿನ ಜೊತೆ ಒಬ್ಬ ಮೇಲೆ ಹೋಗುತ್ತಾನೆ. "ಅಣ್ಣಾ, ನನ್ನ ಕೈ ಮೇಲೆ ಹೊಡಿ. ಇಬ್ಬರೂ ಮೇಲೆ ಹೋಗಬಹುದು. ಇನ್ನೂ ಮಧ್ಯಾಹ್ನ, ರೈಲು ನಾಳೆ ಬೆಳಿಗ್ಗೆ" ಅಂದೆ.

"ನಿನ್ನ ಕೈ ಮುರಿಯೋದು ನನ್ನ ಕೆಲಸ ಅಲ್ಲ" ಅಂದ, ತಿರುಗಿ ನೋಡದೆ.

ಎಡಗೈಯನ್ನು ಬಂಡೆಯ ಮೇಲೆ ಇಟ್ಟು ಬಲಗೈಯಲ್ಲಿ ಸುತ್ತಿಗೆ ನಾನೇ ಎತ್ತಿ ಹಾಕಿದೆ. ಸದ್ದಿಗೆ ಅವನು ತಿರುಗಿದ. "ಹುಚ್ಚು ಮುಂಡೇದೇ!" ಅನ್ನುತ್ತ ನನ್ನನ್ನು ಹಿಡಿದುಕೊಂಡ. ಯುಸೇಬಿಯೋ ಓಡಿಹೋಗಿ ಗಂಟೆಯ ಹಗ್ಗ ಎಳೆದ. ಜೇಬೆಜ್ ನನ್ನನ್ನು ಭುಜದ ಮೇಲೆ ಹೊತ್ತು ಕೇಜಿನ ಬಾಯಿಗೆ ತಂದ. ಅವನ ಉಸಿರು ಏರಿತ್ತು. ನಾವು ಹೊರಟೇಬಿಟ್ಟೆವು ಅಂತ ನನಗನ್ನಿಸಿತ್ತು.

ಕಾವಲಿನವನು ಮೇಲಕ್ಕೆ ಚೀಟಿ ಕಳಿಸಿದ. ಅರ್ಧ ತಾಸಿನ ಮೇಲೆ ಕೇಜು ಇಳಿಯಿತು. ಅದರಿಂದ ಚರ್ಮದ ಚೀಲ ಹಿಡಿದ ಡಾಕ್ಟರ್ ಫಿಂಚ್ ಹೊರಗೆ ಬಂದರು. ಅವರ ಹಿಂದೆಯೇ ಕಬ್ಬಿಣದ ಬಾಗಿಲು ಮುಚ್ಚಿತು.

"ಮೇಲಕ್ಕೆ ಕರ್ಕೊಂಡು ಹೋಗೋದಲ್ವಾ?" ಅಂತ ಜೇಬೆಜ್ ಕೇಳಿದ.

ಡಾಕ್ಟರು ಗೊಣಗುತ್ತ ನನ್ನ ಎರಡು ಬೆರಳಿಗೆ ಮೇಣದಬತ್ತಿ ಪೆಟ್ಟಿಗೆಯ ಹಲಗೆಚೂರು ಕಟ್ಟಿದರು. ಚೀಲ ಮುಚ್ಚಿ, ಟೋಪಿ ಹಾಕಿಕೊಂಡು ಕೇಜಿನ ಹತ್ತಿರ ಹೋದರೆ ಅವರನ್ನೂ ತಡೆದರು.

"ಏನಂದೆ? ನಾನು ಡಾಕ್ಟರ್ ಕಣಯ್ಯ! ಸಂಜೆ ಮನೆಗೆ ಊಟಕ್ಕೆ ಜನ ಕರೆದಿದೀನಿ!"

"ಇಳಿದವರು ಹತ್ತೋ ಹಾಗಿಲ್ಲ ಡಾಕ್ಟ್ರೇ. ಅಪ್ಪಣೆ."

ಅವರು ಕೂಗಾಡಿದರು, ಜಡ್ಜಿಯ ಹೆಸರು ಹೇಳಿದರು, ಶೆರಿಫನ ಹೆಸರು ಹೇಳಿದರು. ಆಮೇಲೆ ಬತ್ತಿ ತೆಗೆದುಕೊಂಡು, ಇದೆಲ್ಲ ಯಾತಕ್ಕೆ ಅಂತ ನೋಡಲು ಒಳಗೆ ಹೋದರು. ಕಪ್ಪು ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಹಿಂದಿರುಗಿದಾಗ ಮುಖ ಬೂದಿಯಾಗಿತ್ತು. "ಈ ಗಣಿದು ನಲವತ್ತು ಷೇರು ಹೋದ ಸೋಮವಾರ ಮಾರಿದೆ" ಅಂದರು. ಹಾಡು ನಿಂತ ಮೇಲೆ ಮೊದಲ ಸಲ ನಮ್ಮವರು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಜೇಬೆಜ್ ನಗಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಡಾಕ್ಟರ ಹತ್ತಿರ ಹೋಗಿ ಗಡಿಯಾರ ಕೇಳಿ ತೆಗೆದುಕೊಂಡ. ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ಕೂತ. ಒಂಬತ್ತಾಯಿತು. ಒಂಬತ್ತೂಕಾಲಾಯಿತು. ಅಷ್ಟು ಆಳಕ್ಕೆ ಶಿಳ್ಳೆ ಕೇಳುವುದಿಲ್ಲ, ಆದರೂ ಅವನು ತಲೆಯೆತ್ತಿ ಸೂರಿನ ಕಡೆ ನೋಡಿದ. ಗಡಿಯಾರ ಹಿಂದಕ್ಕೆ ಕೊಟ್ಟ. ಆಮೇಲಿನ ಐದು ದಿನ ಅವನು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಊಟದ ತಟ್ಟೆ ಬಂದಾಗ ನನ್ನ ಒಂದು ಕೈ ನಡೆಯದೆಂದು ಮಾಂಸವನ್ನು ಚಿಕ್ಕದಾಗಿ ಕೊಯ್ದು ನನ್ನ ಕಡೆ ತಳ್ಳುತ್ತಿದ್ದ. ಮುಖ ನೋಡುತ್ತಿರಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು.

ಒಂಬತ್ತನೆಯ ದಿನ, ಗುರುವಾರ, ಕೇಜು ಬಂತು, ಬಾಗಿಲು ತೆರೆದೇ ಇತ್ತು. ಮೇಲೆ ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ಊರಿಗೆ ಊರೇ ಅಲ್ಲಿ ಸೇರಿತ್ತು. ಬ್ಯಾಂಡು ಬಾರಿಸುತ್ತಿದ್ದರು. ನಾವು ಒಳಗಿದ್ದೇವೆ ಅನ್ನುವ ಸುದ್ದಿ ಮೂರನೆಯ ದಿನಕ್ಕೇ ಗುಟ್ಟಾಗಿ ಉಳಿದಿರಲಿಲ್ಲವಂತೆ. ಪಾಳಿ ಮೇಲೆ ಬರಲಿಲ್ಲ ಅಂದರೆ ಕೆಳಗೆ ಏನೋ ಸಿಕ್ಕಿದೆ ಅಂತ ಇಟ್ಟಿಗೆ ಹೊರುವವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಷೇರು ಕೊಂಡಿದ್ದರು. ನಮ್ಮನ್ನು ಹೆಗಲ ಮೇಲೆ ಎತ್ತಿ "ಬೊನಾಂಜಾ! ಬೊನಾಂಜಾ!" ಅಂತ ಕೂಗಿದರು. ಜೇಬೆಜ್ ಅವರ ಕೈ ಬಿಡಿಸಿಕೊಂಡು, ಗುಂಪಿನಲ್ಲಿ ಒಂದು ಮುಖ ಹುಡುಕಿ, ಮನೆಯ ಕಡೆ ಓಡಿದ. ನಾನು ಹೋಗುವ ಹೊತ್ತಿಗೆ ಅವನು ಅಲ್ಲಿಂದಲೂ ಹೋಗಿಯಾಗಿತ್ತು. ಒಲೆ ತಣ್ಣಗಿತ್ತು, ಮನೆ ಗುಡಿಸಿತ್ತು. ಅತ್ತಿಗೆ ಹೊರಡುವ ಮುಂಚೆ ನನ್ನ ಎರಡು ಅಂಗಿ ಒಗೆದು ಮಡಿಸಿ ಕುರ್ಚಿಯ ಮೇಲೆ ಇಟ್ಟಿದ್ದಳು.

ಹತ್ತು ಷೇರು ನನ್ನ ಕೈಗೆ ಬಂತು. ಸ್ಟಾಡರ್ಡ್ ಆ ಮಾತು ಉಳಿಸಿಕೊಂಡರು. ಮಾರಿ ಈ ಮನೆ ಕೊಂಡೆ. ಸಲಾಕೆ ಹಿಡಿಯುವ ಕೈ ಹೋಗಿದ್ದರಿಂದ ಕೇಜಿನ ಯಂತ್ರದ ಹತ್ತಿರ ಕೆಲಸ ಸಿಕ್ಕಿತು.

ನಾಲ್ಕು ವರ್ಷದ ಮೇಲೆ, ಅವರು ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿಯಲ್ಲಿದ್ದಾರೆ ಅಂತ ತಿಳಿದು ಹೋದೆ. ಲವ್‌ಡೇ ಅತ್ತಿಗೆ ಬಾಗಿಲು ತೆಗೆದಳು. ಸೊಂಟದ ಮೇಲೆ ಒಂದು ಕೂಸಿತ್ತು. ಒಳಗೆ ಕರೆದು ಚಹಾ ಕೊಟ್ಟಳು, ಕೇಸರಿ ಹಾಕಿದ ಬನ್ನು ಕೊಟ್ಟಳು. ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಜೇಬೆಜ್ ಆಲೂಗಡ್ಡೆ ಅಗೆಯುತ್ತಿದ್ದ. ನಾನು ಬಂದದ್ದನ್ನು ನೋಡಿದ್ದ.

"ಅವ್ರು ಸಿಕ್ಕಿದ್ದು ಎರಡು ವಾರ ಆದಮೇಲೆ" ಅಂದಳು. "ನಮ್ಮಣ್ಣನ ಮನೆಗೆ ನಡ್ಕೊಂಡೇ ಬಂದ್ರು, ಕೊನೇ ಹನ್ನೆರಡು ಮೈಲಿ."

"ನನ್ನಿಂದ ಆಯ್ತು ಅತ್ತಿಗೆ. ಆ ಕಾಗದ..."

"ಆ ಕಾಗದ ನೋಡಿದ ಕೂಡ್ಲೇ ಗೊತ್ತಾಯ್ತು ಡಿಗ್. 'ನಮ್ಮಿಷ್ಟದ ಮೇಲೆ' ಅಂತ ಅವ್ರು ಯಾವತ್ತು ಮಾತಾಡಿದ್ರು? ಶುಕ್ರವಾರ ಗಣಿ ಬಾಗಿಲಿಗೆ ಹೋದೆ. ಅಲ್ಲಿದ್ದೋನು ನಗ್ತಾ ಹೇಳ್ದ, 'ನಿಮ್ಮ ಗಂಡ ಇನ್ನೊಂದು ನಾಲ್ಕು ದಿನ ಒಳಗಿರ್ಲಿ ಅಂತ ಬೇಡ್ಕೊಳ್ಳಿ ತಾಯಿ, ಊರಿಗೇ ಹಬ್ಬ.' ಕೂಡಿಹಾಕಿದಾರೆ ಅಂತ ಆಗ ಖಾತ್ರಿ ಆಯ್ತು."

"ಗೊತ್ತಿದ್ದೂ ಹೋದ್ರಾ?"

ಕೂಸನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡಳು. "ಆ ರೈಲು ಬಿಟ್ಟಿದ್ರೆ ಇನ್ನೊಂದು ನಾನು ಹತ್ತುತ್ತಾನೇ ಇರಲಿಲ್ಲ. ಅವ್ರು ಒಂಬತ್ತು ದಿನ ಒಳಗಿದ್ರು. ನಾನು ಆ ಊರಲ್ಲಿ ಮೂರು ವರ್ಷ ಇದ್ದೆ."

ನನ್ನ ಎದೆ ಸ್ವಲ್ಪ ಹಗುರಾದದ್ದು ಮುಖದಲ್ಲಿ ಕಂಡಿರಬೇಕು. ಅವಳು ಕೂಡಲೇ ಅಂದಳು: "ಇದನ್ನೆಲ್ಲ ಅವ್ರಿಗೂ ಹೇಳಿದೀನಿ. ಆದ್ರೂ ಅವ್ರ ಮನಸ್ಸು ತಿರುಗಲ್ಲ, ನಾನು ತಿರುಗಿಸೋಕೂ ಹೋಗಲ್ಲ. ಬರೆದದ್ದಕ್ಕಲ್ಲ. ಭಯಕ್ಕೆ ಯಾರು ಬೇಕಾದ್ರೂ ಬರೀತಾರೆ. ಓದಿ ಹೇಳಿದೆಯಲ್ಲ, ಅದಕ್ಕೆ."

ಚಹಾ ಮುಗಿಸಿ ಹಿತ್ತಲ ಬೇಲಿಯ ಹತ್ತಿರ ಹೋದೆ. "ಅಣ್ಣಾ" ಅಂದೆ.

ಅವನು ಸನಿಕೆ ನಿಲ್ಲಿಸಿ, ಅಂಟಿದ ಮಣ್ಣನ್ನು ಬೂಟಿನಿಂದ ಕೆರೆದ. ಕೂದಲು ಅರ್ಧ ಬೆಳ್ಳಗಾಗಿತ್ತು.

"ಐದು ಗಂಟೆಗೆ ಒಂದು ಗಾಡಿ ಇದೆ" ಅಂದ. "ಈಗ ಹೊರಟ್ರೆ ಸಿಗುತ್ತೆ."

ಮತ್ತೆ ಅಗೆಯತೊಡಗಿದ. ನಾನು ಹೊರಟೆ. ಗಾಡಿ ಸಿಕ್ಕಿತು.